ವಾಸಿಲಿ ರೊಜಾನೊವ್ ಕಂಡ ಮದುವೆ, ಹೆಣ್ಣು, ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲ ಪರಿಚಯ

ಟಾಲ್‌ಸ್ಟಾಯ್ ಗೊತ್ತು, ದಾಸ್ತೊಯೆವ್‌ಸ್ಕಿ ಗೊತ್ತು. ಈ ರೊಜಾನೊವ್ ಯಾರು?

ವಾಸಿಲಿ ರೊಜಾನೊವ್ (1856–1919) ರಷ್ಯಾದ ಪತ್ರಿಕಾ ಬರಹಗಾರ, ಧರ್ಮದ ಬಗ್ಗೆ ತನ್ನದೇ ದಾರಿಯಲ್ಲಿ ಯೋಚಿಸಿದವನು. ಹುಟ್ಟಿದ್ದು ಕೊಸ್ತ್ರೊಮಾ ಪ್ರಾಂತ್ಯದ ವೆತ್ಲುಗಾದಲ್ಲಿ. ಚಿಕ್ಕಂದಿನಲ್ಲೇ ತಂದೆ ಹೋದರು, 1870ರಲ್ಲಿ ತಾಯಿಯೂ ಹೋದರು. ಸಾಕಿ ಓದಿಸಿದ್ದು ಅಣ್ಣ. ಮಾಸ್ಕೋ ವಿಶ್ವವಿದ್ಯಾಲಯ ಮುಗಿಸಿ ಬ್ರ್ಯಾನ್ಸ್ಕ್, ಯೆಲೆತ್ಸ್, ಬೇಲಿ ಊರುಗಳಲ್ಲಿ ಮೇಷ್ಟ್ರಾಗಿ ದುಡಿದ. 1893ರಲ್ಲಿ ಪೀಟರ್ಸ್‌ಬರ್ಗಿಗೆ ಹೋಗಿ ಸರ್ಕಾರಿ ಲೆಕ್ಕಪತ್ರ ಇಲಾಖೆ ಸೇರಿದ. 1899ರಲ್ಲಿ ಅದನ್ನು ಬಿಟ್ಟು ಸುವೊರಿನ್ ನಡೆಸುತ್ತಿದ್ದ ‘ನೊವೊಯೆ ವ್ರೆಮ್ಯಾ’ ಪತ್ರಿಕೆಗೆ ಪೂರ್ಣಕಾಲ ಬರೆಯತೊಡಗಿದ.

ಕಾದಂಬರಿ ಬರೆದವನಲ್ಲ, ನಮ್ಮ ಓದಿನ ದಾರಿಯಲ್ಲಿ ಸಿಗದೇ ಹೋಗಲು ಅದೊಂದು ಕಾರಣ. ಸೋವಿಯತ್ ಕಾಲದಲ್ಲಿ 1980ರ ದಶಕದ ಕೊನೆಯವರೆಗೂ ರಷ್ಯಾದಲ್ಲೇ ಇವನ ಪುಸ್ತಕ ಅಚ್ಚಾಗುತ್ತಿರಲಿಲ್ಲ. ಅಗ್ಗದ ಬೆಲೆಗೆ ಭಾರತದ ಮೂಲೆಮೂಲೆಗೆ ಬಂದ ಮಾಸ್ಕೋ ಪ್ರಕಟಣೆಗಳ ರಾಶಿಯಲ್ಲಿ ರೊಜಾನೊವ್ ಇರುವ ಮಾತೇ ಇರಲಿಲ್ಲ.

ವಿಚ್ಛೇದನ ಸುಲಭವಾಗಲಿ ಎಂದವನನ್ನು ಸಂಪ್ರದಾಯವಾದಿ ಅನ್ನೋದು ಹೇಗೆ?

ಗೊಂದಲ ಸಹಜ. ರಾಜಕೀಯದಲ್ಲಿ ಆತ ಚಕ್ರವರ್ತಿಯ ಪಕ್ಷ, ಕ್ರಾಂತಿಕಾರಿಗಳ ವೈರಿ. ಸಮಾಜದ ಬುಡ ಯಾವುದು ಎಂದರೆ ಮನೆ, ಹೆಂಡತಿ, ಮಕ್ಕಳು ಎನ್ನುತ್ತಿದ್ದ. ಅದಕ್ಕಿಂತ ದೊಡ್ಡ ಸಂಸ್ಥೆ ಅವನ ಪಾಲಿಗೆ ಇಲ್ಲ. ಆದರೆ ಆ ಮನೆಯನ್ನು ಒಡೆಯುತ್ತಿರುವುದು ನಾಸ್ತಿಕರಲ್ಲ, ಚರ್ಚಿನ ಕಾನೂನೇ ಎಂಬುದು ಅವನ ತೀರ್ಮಾನ. ಸಂಸಾರದ ಹೆಸರಿನಲ್ಲೇ ಚರ್ಚಿನ ಮೇಲೆ ಬಿದ್ದ. ಹಾಗಾಗಿ ಸಂಪ್ರದಾಯಸ್ಥರಿಗೆ ಅವನು ಧರ್ಮದ್ರೋಹಿ, ಉದಾರವಾದಿಗಳಿಗೆ ಪ್ರತಿಗಾಮಿ. ಇವತ್ತು ಎರಡೂ ಕಡೆಯವರು ಅವನ ಸಾಲುಗಳನ್ನು ಕಿತ್ತು ಬಳಸುತ್ತಾರೆ. ಇಬ್ಬರೂ ಅರ್ಧ ಪುಟವನ್ನು ಮಾತ್ರ ಓದಿರುತ್ತಾರೆ.

ಇನ್ನೊಂದು ತೊಡಕೂ ಇದೆ. ‘ನೊವೊಯೆ ವ್ರೆಮ್ಯಾ’ದಲ್ಲಿ ಬಲಪಂಥೀಯ ಲೇಖನ ಬರೆಯುತ್ತಿದ್ದ ಹೊತ್ತಿನಲ್ಲೇ ಉದಾರವಾದಿ ‘ರುಸ್ಕೊಯೆ ಸ್ಲೊವೊ’ಗೆ ವರ್ವಾರಿನ್ ಎಂಬ ಗುಪ್ತನಾಮದಲ್ಲಿ ಬೇರೆಯೇ ಧಾಟಿಯಲ್ಲಿ ಬರೆಯುತ್ತಿದ್ದ. ಆ ಗುಪ್ತನಾಮದಲ್ಲಿ ಇರುವುದು ಹೆಂಡತಿ ವರ್ವಾರಾಳ ಹೆಸರು. ರಾಜಕೀಯ ಅಭಿಪ್ರಾಯ ಅವನಿಗೆ ಅಷ್ಟೇನೂ ಪವಿತ್ರವಲ್ಲ. ಸಂಸಾರದ ವಿಷಯದಲ್ಲಿ ಮಾತ್ರ ಎರಡು ನಾಲಿಗೆ ಇರಲಿಲ್ಲ.

ದಾಸ್ತೊಯೆವ್‌ಸ್ಕಿಯ ಪ್ರೇಯಸಿಯನ್ನೇ ಮದುವೆಯಾದನಂತೆ, ನಿಜವೇ?

ನಿಜ. ಅಪೊಲ್ಲಿನಾರಿಯಾ ಸುಸ್ಲೊವಾ 1860ರ ದಶಕದಲ್ಲಿ ದಾಸ್ತೊಯೆವ್‌ಸ್ಕಿಗೆ ಹತ್ತಿರವಾಗಿದ್ದವಳು. ‘ಜೂಜುಕೋರ’ ಕಾದಂಬರಿಯ ಪೊಲೀನಾಳ ಹಿಂದೆ ಇವಳ ನೆರಳಿದೆ. ರೊಜಾನೊವ್ ಅವಳನ್ನು ಮದುವೆಯಾಗಿದ್ದು 1880ರ ನವೆಂಬರಿನಲ್ಲಿ. ಅವನಿಗೆ 24, ಅವಳಿಗೆ ನಲವತ್ತರ ಆಸುಪಾಸು, ಅವನಿನ್ನೂ ವಿದ್ಯಾರ್ಥಿ. 1886ರಲ್ಲಿ ಅವಳು ಬಿಟ್ಟುಹೋದಳು.

ಆದರೆ ಅವಳನ್ನು ‘ದಾಸ್ತೊಯೆವ್‌ಸ್ಕಿಯ ಪ್ರೇಯಸಿ’ ಎಂದಷ್ಟೇ ಹೇಳಿ ಮುಗಿಸುವುದು ಅನ್ಯಾಯ. 1861ರಲ್ಲೇ ದಾಸ್ತೊಯೆವ್‌ಸ್ಕಿ ಸೋದರರ ‘ವ್ರೆಮ್ಯಾ’ ಪತ್ರಿಕೆಯಲ್ಲಿ ಅವಳ ಕಥೆ ಅಚ್ಚಾಗಿತ್ತು. ತಂಗಿ ನದೆಜ್ದಾ ಸುಸ್ಲೊವಾ 1867ರಲ್ಲಿ ಜೂರಿಕ್‌ನಲ್ಲಿ ವೈದ್ಯಕೀಯ ಡಾಕ್ಟರೇಟ್ ಪಡೆದ ಮೊದಲ ರಷ್ಯನ್ ಮಹಿಳೆ. ಅಂದರೆ ರೊಜಾನೊವ್ ಕಾಲಿಟ್ಟದ್ದು ಆ ಕಾಲದ ‘ಹೊಸ ಹೆಣ್ಣು’ಗಳ ಮನೆಗೇ. ಆ ಆರು ವರ್ಷಗಳ ದಾಂಪತ್ಯದ ಬಗ್ಗೆ ನಾವು ಓದುವುದೆಲ್ಲ ಹೆಚ್ಚುಕಡಿಮೆ ಅವನ ಬಾಯಿಂದ ಬಂದದ್ದು. ಅವಳ ಪಾಲಿನ ಮಾತು ಕೇಳದೆ ತೀರ್ಪು ಕೊಡಬೇಡಿ.

ಹಾಗಾದರೆ ಎರಡನೇ ಹೆಂಡತಿ? ಆ ಮದುವೆ ಕಾನೂನಿನ ಪ್ರಕಾರ ನಡೆದದ್ದೇ?

ಅಲ್ಲ. ಯೆಲೆತ್ಸ್‌ನಲ್ಲಿ ಅವನಿಗೆ ವರ್ವಾರಾ ಬುತ್ಯಾಗಿನಾ ಪರಿಚಯವಾದಳು. ವಿಧವೆ, ಒಬ್ಬ ಪುಟ್ಟ ಮಗಳ ತಾಯಿ, ಪಾದ್ರಿಗಳ ಬಳಗದವಳು. ಸುಸ್ಲೊವಾ ವಿಚ್ಛೇದನಕ್ಕೆ ಒಪ್ಪಲಿಲ್ಲ. 1891ರಲ್ಲಿ ವರ್ವಾರಾಳ ತೀರಿಹೋದ ಗಂಡನ ಸೋದರನೇ, ಪಾದ್ರಿಯಾಗಿದ್ದವನು, ಯೆಲೆತ್ಸ್‌ನಲ್ಲಿ ಗುಟ್ಟಾಗಿ ಮದುವೆ ಮಾಡಿಸಿದ. ಹೊರಬಿದ್ದಿದ್ದರೆ ಮದುವೆ ರದ್ದು, ವರನ ಮೇಲೆ ದ್ವಿಪತ್ನಿತ್ವದ ಮೊಕದ್ದಮೆ, ಪಾದ್ರಿಗೆ ಶಿಕ್ಷೆ. ಆದ್ದರಿಂದಲೇ ಊರು ಬಿಟ್ಟು ಬೇಲಿ ಎಂಬ ಊರಿಗೆ ವರ್ಗ. ದೇವರ ಮುಂದೆ ಮದುವೆ, ದಫ್ತರದಲ್ಲಿ ಏನೂ ಇಲ್ಲ. ಮುಂದೆ ಸುಮಾರು ಮೂವತ್ತು ವರ್ಷ ಅವನು ಬರೆದದ್ದೆಲ್ಲ ಈ ಬಿರುಕಿನಿಂದ ಹೊರಟಿದ್ದು ಎಂದರೆ ಉತ್ಪ್ರೇಕ್ಷೆಯಲ್ಲ.

ಕಾನೂನಿನ ಕಡೆಯಿಂದ

ಒಂದು ವಿಚ್ಛೇದನ ತಗೊಂಡಿದ್ದರೆ ಮುಗೀತಿತ್ತಲ್ಲ? ಅದೇನು ಅಷ್ಟು ಕಷ್ಟವೇ?

ಅಸಾಧ್ಯ ಎನ್ನುವಷ್ಟು ಕಷ್ಟ. ಆರ್ಥಡಾಕ್ಸ್ ಕ್ರೈಸ್ತರ ಮದುವೆ ಸಿವಿಲ್ ನ್ಯಾಯಾಲಯದ ವ್ಯಾಪ್ತಿಗೆ ಬರುತ್ತಿರಲಿಲ್ಲ. ಅದು ಧರ್ಮಪ್ರಾಂತ್ಯದ ಕನ್ಸಿಸ್ಟರಿ ಎಂಬ ಚರ್ಚ್ ಕಚೇರಿಯ ಕೈಲಿತ್ತು. ಒಪ್ಪುತ್ತಿದ್ದ ಕಾರಣಗಳು ಬೆರಳೆಣಿಕೆ: ವ್ಯಭಿಚಾರ, ಮದುವೆಗೆ ಮುಂಚಿನಿಂದಲೇ ಇದ್ದ ದೈಹಿಕ ಅಸಾಮರ್ಥ್ಯ, ಐದು ವರ್ಷ ಪತ್ತೆಯೇ ಇಲ್ಲದಿರುವುದು, ಎಲ್ಲ ನಾಗರಿಕ ಹಕ್ಕು ಕಳೆದುಕೊಳ್ಳುವ ಶಿಕ್ಷೆ. ‘ಹೊಂದಾಣಿಕೆಯಿಲ್ಲ’, ‘ಹೊಡೆಯುತ್ತಾನೆ’, ‘ಬಿಟ್ಟುಹೋದಳು’ ಇವು ಪಟ್ಟಿಯಲ್ಲೇ ಇಲ್ಲ.

ದಾರಿ ಹೀಗಿತ್ತು. ಕನ್ಸಿಸ್ಟರಿಗೆ ಅರ್ಜಿ. ನಂತರ ಪಾದ್ರಿಯೊಬ್ಬ ಗಂಡಹೆಂಡಿರನ್ನು ಕೂರಿಸಿ ಬುದ್ಧಿ ಹೇಳುವುದು. ಅದು ಫಲಿಸದಿದ್ದರೆ ಇಬ್ಬರೂ ಖುದ್ದಾಗಿ ಹಾಜರಾಗಿ ವಿಚಾರಣೆ. ವ್ಯಭಿಚಾರದ ಆರೋಪವಾದರೆ ಕಣ್ಣಾರೆ ಕಂಡ ಎರಡು ಮೂರು ಸಾಕ್ಷಿಗಳು. ‘ತಪ್ಪು ನನ್ನದು’ ಎಂದು ಆರೋಪಿ ತಾನೇ ಒಪ್ಪಿಕೊಂಡರೂ ಅಷ್ಟೇ ಸಾಲದು. ಯಾರು ತಾನೇ ಸಾಕ್ಷಿ ಇಟ್ಟುಕೊಂಡು ವ್ಯಭಿಚಾರ ಮಾಡುತ್ತಾರೆ? ಹಾಗಾಗಿ ದುಡ್ಡಿಗೆ ಕಾಣದ್ದನ್ನು ಕಂಡಂತೆ ಹೇಳುವ ಬಾಡಿಗೆ ಸಾಕ್ಷಿಗಳ ಕಸುಬೇ ಹುಟ್ಟಿಕೊಂಡಿತ್ತು. ಚರ್ಚಿನ ಅಂಗಳದಲ್ಲೇ ಶಿಲುಬೆ ಮುಟ್ಟಿ ಸುಳ್ಳು. ಅದಕ್ಕೂ ಮೇಲೆ, ತಪ್ಪಿತಸ್ಥನೆಂದು ತೀರ್ಪಾದವನಿಗೆ 1904ರವರೆಗೆ ಮರುಮದುವೆಯೇ ನಿಷಿದ್ಧ.

ಈಗ ರೊಜಾನೊವ್ ಸಿಕ್ಕಿಬಿದ್ದದ್ದು ಹೇಗೆ ನೋಡಿ. ಸುಸ್ಲೊವಾ ಎಲ್ಲಿದ್ದಾಳೆಂದು ಗೊತ್ತಿತ್ತು, ಆದ್ದರಿಂದ ‘ನಾಪತ್ತೆ’ ಕಾರಣ ನಡೆಯದು. ಅವಳ ಮೇಲೆ ವ್ಯಭಿಚಾರ ಹೊರಿಸಲು ಕಣ್ಸಾಕ್ಷಿ ಬೇಕು. ತಪ್ಪನ್ನು ತಾನೇ ಹೊತ್ತರೆ ಅರ್ಜಿ ಹಾಕಬೇಕಾದವಳು ಅವಳು; ಹಾಕಿದರೂ ಇವನು ಮತ್ತೆ ಮದುವೆಯಾಗುವಂತಿಲ್ಲ. ಮಧ್ಯಸ್ಥಿಕೆಗೆ ಹೋದವರಿಗೆ, ದೇವರು ಕೂಡಿಸಿದ್ದನ್ನು ಮನುಷ್ಯ ಬಿಡಿಸಬಾರದು ಎಂಬ ಬೈಬಲ್ ಮಾತನ್ನೇ ಅವಳು ಎದುರಿಗೆ ಹಿಡಿದಳಂತೆ. ನಾಲ್ಕೂ ಬಾಗಿಲು ಮುಚ್ಚಿತ್ತು.

ಅವಳ ಕಡೆಯಿಂದಲೂ ಒಂದು ಸಂಗತಿ ಹೇಳಬೇಕು. ಗಂಡನ ಒಪ್ಪಿಗೆ ಇಲ್ಲದೆ ಹೆಂಡತಿಗೆ ಪ್ರತ್ಯೇಕ ಪಾಸ್‌ಪೋರ್ಟ್ ಸಿಗುತ್ತಿರಲಿಲ್ಲ. ಬೇರೆ ಊರಿನಲ್ಲಿ ಬಾಳಬೇಕಾದರೂ ಅವನ ಸಹಿ ಬೇಕು. ಅದು ಬದಲಾದದ್ದು 1914ರಲ್ಲಿ. ಹಗ್ಗ ಇಬ್ಬರ ಕೊರಳಲ್ಲೂ ಇತ್ತು. ರೊಜಾನೊವ್ ಬರೆದದ್ದು ಹೆಚ್ಚಾಗಿ ತನ್ನ ಕೊರಳಿನ ಬಗ್ಗೆ.

ಮಕ್ಕಳಿಗೆ ಏನು ತೊಂದರೆ? ಅಪ್ಪ ಅಮ್ಮ ಜೊತೆಯಲ್ಲೇ ಇದ್ದರಲ್ಲ?

ಮನೆಯೊಳಗೆ ಏನೂ ಇಲ್ಲ, ಕಾಗದದಲ್ಲಿ ಎಲ್ಲವೂ. ಮೊದಲ ಮಗಳು ಕೂಸಾಗಿದ್ದಾಗಲೇ ತೀರಿಕೊಂಡಳು. ನಂತರ ತತ್ಯಾನಾ, ವೆರಾ, ವರ್ವಾರಾ, ವಾಸಿಲಿ, ನದೆಜ್ದಾ ಎಂದು ಐದು ಮಕ್ಕಳು. ಕಾನೂನಿನ ಕಣ್ಣಿಗೆ ಎಲ್ಲರೂ ಅಕ್ರಮ ಸಂತಾನ. ಅಪ್ಪನ ಮನೆತನದ ಹೆಸರಿಲ್ಲ, ಆಸ್ತಿಯಲ್ಲಿ ಪಾಲಿಲ್ಲ. ರಷ್ಯನ್ನರ ಹೆಸರಿನ ನಡುವೆ ಬರುವ ತಂದೆಯ ಹೆಸರಿನ ಜಾಗದಲ್ಲಿ, ದೀಕ್ಷಾಸ್ನಾನದಲ್ಲಿ ಎತ್ತಿಕೊಂಡ ಧರ್ಮಪಿತನ ಹೆಸರು. ಶಾಲೆಗೆ ಸೇರಿಸುವಾಗ ಅರ್ಜಿಯ ಮೊದಲ ಸಾಲಿನಲ್ಲೇ ಮಗುವಿನ ಜನ್ಮ ಬಯಲಾಗುತ್ತಿತ್ತು.

ತಂದೆತಾಯಿ ಆಮೇಲೆ ಮದುವೆಯಾದರೆ ಅಂಥ ಮಕ್ಕಳು ಸಕ್ರಮವಾಗಬಹುದು ಎಂದು 1891ರ ಕಾನೂನು ಹೇಳಿತು. ಮದುವೆಯೇ ಆಗಲಾರದವರಿಗೆ ಅದರಿಂದೇನು ಬಂತು? 1902ರ ಜೂನ್ 3ರ ಕಾನೂನು ‘ಅಕ್ರಮ’ ಎಂಬ ಪದ ತೆಗೆದು ‘ವಿವಾಹದ ಹೊರಗೆ ಹುಟ್ಟಿದ’ ಎಂದು ಬರೆಯಿತು, ತಂದೆ ಜೀವನಾಂಶ ಕೊಡಬೇಕೆಂದಿತು. ಅಷ್ಟಾಗಲು ಬಹಳ ಮಂದಿ ಬಹಳ ಕಾಲ ಕೂಗಬೇಕಾಯಿತು, ರೊಜಾನೊವ್ ಅವರಲ್ಲೊಬ್ಬ.

ವಾದದ ತಿರುಳು

ಒಂದೇ ಮಾತಲ್ಲಿ ಹೇಳಿ: ಮದುವೆ ಎಂದರೆ ಅವನ ಪ್ರಕಾರ ಏನು?

ಗಂಡುಹೆಣ್ಣಿನ ಪ್ರೀತಿ ಮತ್ತು ಅದರಿಂದಾಗುವ ಮಗು. ಪವಿತ್ರತೆ ಇರುವುದು ಅಲ್ಲಿ. ಪಾದ್ರಿಯ ಮಂತ್ರ ಅದಕ್ಕೆ ಸಾಕ್ಷಿ ಮಾತ್ರ. ಇದರಿಂದ ಎರಡು ತೀರ್ಮಾನ ತಾವಾಗಿಯೇ ಹೊರಡುತ್ತವೆ. ಪ್ರೀತಿ ಸತ್ತಮೇಲೆ ಉಳಿದದ್ದು ಮದುವೆಯಲ್ಲ, ಅದನ್ನು ಬಲವಂತವಾಗಿ ಹಿಡಿದಿಡುವುದೇ ಪಾಪ. ಹಾಗೆಯೇ, ಹುಟ್ಟಿದ ಮಗು ಯಾವುದೂ ಅಕ್ರಮವಾಗಲಾರದು. ಹುಟ್ಟಿಸಿದವನು ದೇವರಾದರೆ ಅಕ್ರಮ ಯಾರದ್ದು?

1903ರ ‘ರಷ್ಯಾದಲ್ಲಿ ಕುಟುಂಬದ ಪ್ರಶ್ನೆ’ ಎಂಬ ಎರಡು ಸಂಪುಟಗಳಲ್ಲಿ ಈ ವಾದ ನಿಂತಿರುವ ರೀತಿ ವಿಚಿತ್ರ. ಅದು ಗ್ರಂಥವಲ್ಲ, ಕಡತ. ಓದುಗರ ಪತ್ರ, ಪಾದ್ರಿಗಳ ಖಂಡನೆ, ಪತ್ರಿಕೆಯ ತುಣುಕು ಎಲ್ಲವನ್ನೂ ಹಾಗೇ ಅಚ್ಚು ಹಾಕಿ, ಅಡಿಟಿಪ್ಪಣಿಯಲ್ಲಿ ಸಾಲುಸಾಲಿಗೂ ಜಗಳಕ್ಕೆ ನಿಲ್ಲುತ್ತಾನೆ. ಮದುವೆಯಿಲ್ಲದೆ ಹೆತ್ತ ಮನೆಗೆಲಸದ ಹುಡುಗಿ ಕೂಸನ್ನು ಕೊಂದಳೆಂಬ ಸುದ್ದಿಗಳನ್ನು ಎತ್ತಿಕೊಂಡು, ಕೊಲೆಗೆ ಮುಂಚೆ ನಾಚಿಕೆ ಬಂತು, ಆ ನಾಚಿಕೆಯನ್ನು ತಯಾರಿಸಿ ಕೊಟ್ಟವರು ಯಾರು ಎಂದು ಕೇಳುತ್ತಾನೆ. ಅವನ ಎಲ್ಲ ಬರಹದಲ್ಲಿ ಇವತ್ತಿಗೂ ಅಲುಗದೆ ನಿಂತಿರುವುದು ಈ ಭಾಗ. ಉಳಿದ ತತ್ವಕ್ಕೆಲ್ಲ ತಲೆದೂಗಬೇಕಿಲ್ಲ, ಇದನ್ನು ಓದಲೇಬೇಕು.

ನವದಂಪತಿಗೆ ಚರ್ಚಿನಲ್ಲೇ ಪ್ರಸ್ತವಾಗಲಿ ಎಂದನಂತೆ? ತಮಾಷೆಯೋ ನಿಜವೋ?

ಗಂಭೀರವಾಗಿಯೇ ಹೇಳಿದ. ಮದುವೆ ಸಂಸ್ಕಾರವೆಂದು ಒಪ್ಪುವಿರಾದರೆ ಅದರ ತಿರುಳಾದ ಕೂಡುವಿಕೆ ಗುಡಿಯ ನೆರಳಲ್ಲಿ ನಡೆದರೆ ಮೈಲಿಗೆ ಹೇಗಾಗುತ್ತದೆ ಎಂಬುದು ತರ್ಕ. ಪೀಟರ್ಸ್‌ಬರ್ಗ್ ನಕ್ಕಿತು, ಪಾದ್ರಿಗಳು ಕೆರಳಿದರು. ಇದು ಸುಧಾರಣೆಯ ಯೋಜನೆಯಲ್ಲ. ಎದುರಾಳಿಯ ಮಾತನ್ನು ಅದರ ಕೊನೆಯವರೆಗೂ ಎಳೆದು ನೋಡುವ ಕಿತಾಪತಿ. ಮೈ ಕೊಳಕೆಂದು ಒಳಗೊಳಗೇ ನಂಬಿಕೊಂಡು ಬಾಯಲ್ಲಿ ಸಂಸ್ಕಾರ ಎನ್ನುತ್ತೀರಿ ಎಂದು ತೋರಿಸಬೇಕಿತ್ತು, ತೋರಿಸಿದ.

ಎಳೆ ವಯಸ್ಸಿನಲ್ಲೇ ಮದುವೆ ಮಾಡಿ ಎಂದದ್ದು ಹೌದೇ?

ಹೌದು, ಇಲ್ಲಿ ಅವನನ್ನು ಸಮರ್ಥಿಸಲು ಬಾರದು. ಆಗಿನ ಕಾನೂನಿನಲ್ಲಿ ಗಂಡಿಗೆ 18, ಹೆಣ್ಣಿಗೆ 16. ಅವನಿಗೆ ಅದೂ ತಡವೆನಿಸಿತ್ತು. ಮೈ ನೆರೆದ ಕೂಡಲೇ ಮದುವೆಯ ಹೊತ್ತು ಎನ್ನುತ್ತಿದ್ದ. ಗಿಮ್ನಾಸಿಯಂ (ಪ್ರೌಢಶಾಲೆ), ವಿಶ್ವವಿದ್ಯಾಲಯ, ನೌಕರಿ ಎಂದು ಮೂವತ್ತರವರೆಗೆ ತಳ್ಳಿದರೆ ನಡುವಿನ ವರ್ಷಗಳನ್ನು ತುಂಬುವುದು ವೇಶ್ಯಾವಾಟಿಕೆ ಎಂಬುದು ಅವನ ಲೆಕ್ಕ. ರೋಗ ಗುರುತಿಸಿದ್ದು ಸರಿ, ಔಷಧಿ ಹುಡುಗಿಯ ಮೈಮೇಲೆ ಪ್ರಯೋಗ. ಬಾಲ್ಯವಿವಾಹದ ಸಂಕಟವನ್ನು ಕಂಡ ನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎಳೆಯ ಬಾಣಂತಿಯ ಸಾವು ಅವನ ಲೆಕ್ಕದಲ್ಲಿ ಬರುವುದೇ ಇಲ್ಲ.

ಹೆಣ್ಣಿನ ಬಗ್ಗೆ ಅವನದ್ದು ಗೌರವವೋ ತಾತ್ಸಾರವೋ?

ಪೂಜೆ. ತೊಂದರೆ ಇರುವುದೂ ಅಲ್ಲೇ. 1898ರ ‘ಮಹಾಕಾರ್ಯದ ಮುಂದೆ ಹೆಣ್ಣು’ ಎಂಬ ಲೇಖನದಿಂದ ಕೊನೆಯವರೆಗೂ ಅವನ ಹೆಣ್ಣು ಎಂದರೆ ತಾಯಿ: ಬಸುರಿ, ಬಾಣಂತಿ, ಮೊಲೆಯೂಡಿಸುವವಳು, ಮನೆಗೆ ಬೆಚ್ಚಗಿನ ಉಸಿರು ಕೊಡುವವಳು. ಓದಿದ ಹೆಣ್ಣನ್ನು ಅವನು ಹಳಿಯುವುದಕ್ಕಿಂತ ಹೆಚ್ಚಾಗಿ ಮರುಗುತ್ತಾನೆ. ಅವಳ ಗೆಲುವು ಅವನಿಗೆ ಸೋಲಾಗಿ ಕಾಣುತ್ತದೆ. ಹಾಗೆಂದು ತನ್ನ ಹೆಣ್ಣುಮಕ್ಕಳನ್ನು ಓದಿಸದೆ ಬಿಡಲಿಲ್ಲ. ಅವರು ಕಲಿತದ್ದು ಪೀಟರ್ಸ್‌ಬರ್ಗಿನ ಹೆಸರಾಂತ ಸ್ತೊಯುನಿನಾ ಬಾಲಕಿಯರ ಶಾಲೆಯಲ್ಲಿ.

ಅವನ ಅತ್ಯುತ್ತಮ ಪುಟಗಳು ಹೆಂಡತಿಯ ಬಗ್ಗೆ. 1910ರ ಆಗಸ್ಟ್ 26ರಂದು ವರ್ವಾರಾಗೆ ಪಾರ್ಶ್ವವಾಯು ಬಡಿಯಿತು. ಆ ದಿನವೇ ತಾನು ಒಮ್ಮೆಗೇ ಮುದುಕನಾದೆ ಎಂದು ತಾರೀಖು ಸಮೇತ ಬರೆದ. 1912ರ ‘ಏಕಾಂತ’ ಮತ್ತು ನಂತರದ ‘ಉದುರಿದೆಲೆ’ಗಳ ಎರಡು ಕಂತಿನಲ್ಲಿ ಅವಳು ‘ಗೆಳೆಯ’, ‘ಅಮ್ಮ’ ಎಂದೇ ಬರುತ್ತಾಳೆ. ಅವಳ ರೋಗ, ಅವಳ ಒಂದೆರಡು ಮಾತು, ಅದರ ಪಕ್ಕದಲ್ಲೇ ‘ನಾಣ್ಯ ನೋಡುತ್ತಾ’ ಎಂದು ಬರೆದ ಜಾಗದ ಗುರುತು. ಹಳೆಯ ನಾಣ್ಯಗಳ ಹುಚ್ಚು ಅವನಿಗೆ ಬಹಳ. ಆದರೆ ಗಮನಿಸಿ: ವರ್ವಾರಾ ನೋವುಂಡಳು, ಪ್ರೀತಿಸಿದಳು, ಪ್ರಾರ್ಥಿಸಿದಳು ಎಂದು ತಿಳಿಯುತ್ತದೆ, ಏನು ಯೋಚಿಸುತ್ತಿದ್ದಳು ಎಂಬುದು ನೂರಾರು ಪುಟಗಳಲ್ಲಿ ಅಷ್ಟಾಗಿ ಸಿಗುವುದಿಲ್ಲ.

ಟಾಲ್‌ಸ್ಟಾಯ್ ಕೂಡ ಮದುವೆ ಬಗ್ಗೆ ಕಟುವಾಗಿ ಬರೆದಿದ್ದಾನೆ. ಇಬ್ಬರ ವಾದವೂ ಒಂದೇ ಅಲ್ಲವೇ?

ತದ್ವಿರುದ್ಧ. ‘ಕ್ರೂಟ್ಸರ್ ಸೊನಾಟಾ’ದಲ್ಲಿ, ಅದಕ್ಕೂ ಹೆಚ್ಚಾಗಿ ಅದರ ಹಿನ್ನುಡಿಯಲ್ಲಿ, ಟಾಲ್‌ಸ್ಟಾಯ್ ದಾಂಪತ್ಯದೊಳಗೂ ಬ್ರಹ್ಮಚರ್ಯವೇ ಆದರ್ಶ ಎನ್ನುತ್ತಾನೆ. ರೊಜಾನೊವ್‌ಗೆ ಅದು ಸಾವಿನ ಉಪದೇಶ. ಅವನ ದೃಷ್ಟಿಯಲ್ಲಿ, ಚರ್ಚಿನಿಂದ ಬಹಿಷ್ಕೃತನಾದ ಟಾಲ್‌ಸ್ಟಾಯ್ ಈ ಒಂದು ವಿಷಯದಲ್ಲಿ ಸನ್ಯಾಸಿಗಳ ಪಕ್ಷದವನೇ. 1903ರಲ್ಲಿ ಟಾಲ್‌ಸ್ಟಾಯ್ ಇದ್ದ ಯಾಸ್ನಾಯಾ ಪೊಲ್ಯಾನಾಗೆ ಹೋಗಿ ಭೇಟಿಯಾದ. ಅಭಿಪ್ರಾಯ ಅಲ್ಲಿಗಲ್ಲಿಗೇ ಉಳಿಯಿತು.

ಇನ್ನೂ ಆಳಕ್ಕೆ

ಚರ್ಚಿನವರು ಸುಮ್ಮನಿದ್ದರೇ?

ಇಲ್ಲ, ಕೂತು ಮಾತಾಡಿದರು. 1901ರ ನವೆಂಬರಿನಿಂದ 1903ರ ಏಪ್ರಿಲ್‌ವರೆಗೆ ಪೀಟರ್ಸ್‌ಬರ್ಗಿನಲ್ಲಿ ಧಾರ್ಮಿಕ-ತಾತ್ವಿಕ ಸಭೆಗಳು ನಡೆದವು. ಒಂದು ಕಡೆ ಲೇಖಕರಾದ ಮೆರೆಝ್ಕೊವ್‌ಸ್ಕಿ, ಗಿಪ್ಪಿಯುಸ್, ರೊಜಾನೊವ್; ಇನ್ನೊಂದು ಕಡೆ ಬಿಷಪ್ ಸೆರ್ಗಿಯ ಅಧ್ಯಕ್ಷತೆಯಲ್ಲಿ ಪಾದ್ರಿಗಳು, ಧರ್ಮಶಾಸ್ತ್ರದ ಪ್ರಾಧ್ಯಾಪಕರು. ಮದುವೆಯ ಚರ್ಚೆ ಹಲವು ಸಂಜೆ ನಡೆಯಿತು. ರೊಜಾನೊವ್‌ಗೆ ಸಭಾಕಂಪ, ಬರೆದು ತಂದದ್ದನ್ನು ಬೇರೆಯವರು ಓದುತ್ತಿದ್ದರು.

ಚರ್ಚಿನ ಉತ್ತರ ಸುಲಭವಾದದ್ದಲ್ಲ: ಮದುವೆ ನಮ್ಮಲ್ಲಿ ಸಂಸ್ಕಾರ, ಅದನ್ನು ಹೀನಾಯವೆಂದವರನ್ನು ಪ್ರಾಚೀನ ಗಂಗ್ರ ಧರ್ಮಸಭೆಯೇ ಶಪಿಸಿದೆ. ಕಾಗದದಲ್ಲಿ ಸರಿ, ನಡೆಯಲ್ಲಿ ನೋಡಿ ಎಂಬುದು ರೊಜಾನೊವನ ಮರುಮಾತು. ಬಿಷಪ್ ಆಗಬೇಕಾದರೆ ಸನ್ಯಾಸಿಯಾಗಿರಬೇಕು. ಹೆಂಡತಿ ಸತ್ತ ಊರಪಾದ್ರಿ ಮರುಮದುವೆಯಾಗುವಂತಿಲ್ಲ. ಸಂತರ ಸಾಲಿನಲ್ಲಿ ಹುತಾತ್ಮರು, ಸನ್ಯಾಸಿಗಳು, ಸಂಸಾರ ಮಾಡಿ ಸಂತರಾದವರೆಲ್ಲಿ? ಈ ಕೊನೆಯ ಮಾತಿಗೆ ನಮ್ಮದೊಂದು ಸೇರ್ಪಡೆ: ರಷ್ಯಾದಲ್ಲಿ 2008ರಿಂದ ಜುಲೈ 8ರಂದು ಕುಟುಂಬದ ದಿನ ಆಚರಿಸುವುದು ಮುರೊಮ್‌ನ ಪ್ಯೋತ್ರ್ ಮತ್ತು ಫೆವ್ರೋನಿಯಾ ದಂಪತಿಯ ಹೆಸರಿನಲ್ಲಿ. ಅವರೂ ಕಡೆಗಾಲದಲ್ಲಿ ಸನ್ಯಾಸ ತೆಗೆದುಕೊಂಡವರೇ.

ಸಭೆಗಳನ್ನು 1903ರಲ್ಲಿ, ಚರ್ಚಿನ ಮೇಲ್ವಿಚಾರಣೆಗಿದ್ದ ಸರ್ಕಾರದ ಹಿರಿಯ ಅಧಿಕಾರಿ ಪೊಬೆದೊನೊಸ್ತ್ಸೆವ್ ನಿಲ್ಲಿಸಿದ.

‘ಬೆಳದಿಂಗಳ ಜನ’ ಪುಸ್ತಕದಲ್ಲಿ ಏನಿದೆ? ಸಲಿಂಗಿಗಳ ಬಗ್ಗೆಯೇ?

1911ರ ಈ ಪುಸ್ತಕದ ಗುರಿ ಸನ್ಯಾಸ. ಹೆಣ್ಣುಗಂಡಿನ ಸೆಳೆತ ಎಲ್ಲರಲ್ಲೂ ಒಂದೇ ಅಳತೆಯಲ್ಲಿಲ್ಲ. ಧನದಿಂದ ಋಣದವರೆಗೆ, ನಡುವೆ ಸೊನ್ನೆ ಇರುವ ಅಂಕಿಗಳ ಏಣಿ ಹಾಕಿ ಅದನ್ನು ತೋರಿಸುತ್ತಾನೆ. ಮದುವೆಯ ಕಡೆ ಸೆಳೆತವೇ ಇಲ್ಲದವರು, ತಮ್ಮದೇ ಲಿಂಗದವರತ್ತ ಒಲಿದವರು ಕೆಲವರಿರುತ್ತಾರೆ. ಅವರು ನಯವಾದವರು, ಪ್ರತಿಭಾವಂತರು, ಅವರು ಹಾಗಿರುವುದು ಪಾಪವಲ್ಲ, ಸ್ವಭಾವ. ಆದರೆ ತಮಗೆ ಸಹಜವಾದದ್ದನ್ನು ಇಡೀ ಲೋಕಕ್ಕೆ ಧರ್ಮವೆಂದು ವಿಧಿಸಿದರು, ಕ್ರೈಸ್ತ ವೈರಾಗ್ಯ ಹುಟ್ಟಿದ್ದು ಹಾಗೆ ಎಂಬುದು ವಾದ.

ಇಲ್ಲಿ ಓದುಗರು ಎಡವುವುದು ಎರಡು ಕಡೆ. ಕೆಲವರು ಇದನ್ನು ಸಲಿಂಗಿಗಳ ಸಮರ್ಥನೆ ಎನ್ನುತ್ತಾರೆ, ಕೆಲವರು ದ್ವೇಷ ಎನ್ನುತ್ತಾರೆ. ಎರಡರ ಅಂಶವೂ ಇದೆ. ಇತಿಹಾಸವಾಗಿ ಅದರ ಪುರಾವೆ ತೀರಾ ತೆಳು. ಒಂದಿಷ್ಟು ಸಂತಚರಿತ್ರೆ, ಒಂದಿಷ್ಟು ವೈದ್ಯರ ವರದಿ, ಉಳಿದದ್ದು ಊಹೆ.

ಯೆಹೂದಿ ಸಂಸಾರವನ್ನು ಹೊಗಳಿದವನು ಯೆಹೂದಿ ದ್ವೇಷಿಯಾದದ್ದು ಹೇಗೆ?

ಹಳೆಯ ಒಡಂಬಡಿಕೆಯ ಸಂತಾನದ ಆಶೀರ್ವಾದ, ಸಬ್ಬತ್ ರಾತ್ರಿಯ ಮನೆ, ಮಿಕ್ವೆ ಎಂಬ ಮಡಿಕೊಳದ ಸ್ನಾನ ಇವೆಲ್ಲ ಅವನಿಗೆ ಮೈಯನ್ನು ದೇವರಿಗೆ ಹತ್ತಿರವಿಟ್ಟ ಧರ್ಮದ ಗುರುತುಗಳು. ಅದೇ ಮನುಷ್ಯ ಕೀವ್‌ನ ಬೇಯ್ಲಿಸ್ ಎಂಬ ಯೆಹೂದಿಯ ಮೇಲೆ ಹುಡುಗನೊಬ್ಬನ ಕೊಲೆ ಹೊರಿಸಿದ ಮೊಕದ್ದಮೆಯ ಹೊತ್ತಿನಲ್ಲಿ, ಯೆಹೂದಿಗಳು ನರಬಲಿ ಕೊಡುತ್ತಾರೆಂಬ ಹಳೆಯ ಸುಳ್ಳಿಗೆ ದನಿಗೂಡಿಸಿದ. ಬೇಯ್ಲಿಸ್ ನಿರ್ದೋಷಿಯೆಂದು 1913ರಲ್ಲಿ ತೀರ್ಪಾದ ಮೇಲೂ 1914ರಲ್ಲಿ ಆ ಲೇಖನಗಳನ್ನು ಪುಸ್ತಕ ಮಾಡಿದ. ಮೊದಲು ಹೊಗಳಿದ್ದೂ ಆಮೇಲೆ ಬೈದದ್ದೂ ಒಂದೇ ಚಿತ್ರವನ್ನು: ‘ರಕ್ತದ, ಮೈಯ ಧರ್ಮ’ ಎಂಬ ತನ್ನದೇ ಕಲ್ಪನೆಯನ್ನು. ಬೀದಿಯಲ್ಲಿ ಬಾಳುವ ಯೆಹೂದಿ ಅವನಿಗೆ ಕಾಣಲೇ ಇಲ್ಲ. ಹಿಂದಿನ ಸಭೆಗಳ ಜಾಡಿನಲ್ಲಿ ಮುಂದೆ ಹುಟ್ಟಿದ ಧಾರ್ಮಿಕ-ತಾತ್ವಿಕ ಸಂಘ 1914ರ ಜನವರಿಯಲ್ಲಿ ಅವನನ್ನು ಹೊರಹಾಕಿತು. ಹೆಣ್ಣಿನ ವಿಷಯದಲ್ಲೂ ಇದೇ ರೋಗ: ಎದುರಿಗಿರುವ ವ್ಯಕ್ತಿ ಮಾಯವಾಗಿ ಪ್ರತಿಮೆ ಉಳಿಯುತ್ತದೆ.

ಬೆರ್ದ್ಯಾಯೆವ್ ಅವನನ್ನು ‘ಹೆಂಗಸಿನಂಥವನು’ ಎಂದು ಬೈದದ್ದು ಯಾಕೆ?

ಮೊದಲ ಮಹಾಯುದ್ಧದ ಆರಂಭದಲ್ಲಿ ರೊಜಾನೊವ್ ಸೈನ್ಯದ ಬಲವನ್ನು ಮೈಮರೆತು ಕೊಂಡಾಡಿದ. ಅದಕ್ಕೆ ಉತ್ತರವಾಗಿ ತತ್ವಜ್ಞಾನಿ ಬೆರ್ದ್ಯಾಯೆವ್, ರಷ್ಯನ್ ಆತ್ಮದಲ್ಲಿ ‘ಸದಾ ಹೆಂಗಸುತನ’ವಿದೆ, ಬಲಶಾಲಿಯ ಮುಂದೆ ಕರಗುವುದೇ ಅದರ ಗುಣ ಎಂದು ಬರೆದ. ಗುರಿ ಸರಿಯಾಗಿ ತಾಗಿದೆ, ಬಳಸಿದ ಬಾಣ ಮಾತ್ರ ಹೆಣ್ಣಿಗೆ ಅವಮಾನ. ಆ ಪೀಳಿಗೆಯ ಗಂಡಸರು ಪರಸ್ಪರ ಜಗಳಕ್ಕೂ ಹೆಣ್ಣನ್ನೇ ಬಳಸುತ್ತಿದ್ದರು.

ಕೊನೆಗೆ ಅವನು ಕೇಳಿದ ಕಾನೂನು ಬಂತೇ?

ಬಂತು, ತಂದವರು ಅವನ ಶತ್ರುಗಳು. 1917ರ ಡಿಸೆಂಬರಿನಲ್ಲಿ ಬೊಲ್ಶೆವಿಕ್ ಸರ್ಕಾರ ಎರಡು ಆಜ್ಞೆ ಹೊರಡಿಸಿತು: ಮದುವೆಗೆ ಸರ್ಕಾರಿ ನೋಂದಣಿ, ಯಾರೊಬ್ಬರು ಕೇಳಿದರೂ ವಿಚ್ಛೇದನ, ಮದುವೆಯ ಒಳಗೆ ಹೊರಗೆ ಎಂಬ ಭೇದವಿಲ್ಲದೆ ಮಕ್ಕಳಿಗೆ ಸಮಾನ ಹಕ್ಕು. ಆ ಹೊತ್ತಿಗೆ ರೊಜಾನೊವ್ ಮಾಸ್ಕೋ ಹತ್ತಿರದ ಮಠದ ಊರಾದ ಸೆರ್ಗಿಯೆವ್ ಪೊಸಾದ್‌ನಲ್ಲಿ ಹಸಿದು ಕೂತು, ‘ನಮ್ಮ ಕಾಲದ ಪ್ರಳಯ’ವನ್ನು ಸಣ್ಣ ಸಂಚಿಕೆಗಳಾಗಿ ಅಚ್ಚು ಹಾಕಿಸುತ್ತಿದ್ದ. ಅದರಲ್ಲಿ ಕ್ರಾಂತಿಗಿಂತ ಕ್ರಿಸ್ತನ ಮೇಲಿನ ಸಿಟ್ಟೇ ಹೆಚ್ಚು: ಹೊಟ್ಟೆಗಿಲ್ಲದವರಿಗೆ, ಮಕ್ಕಳೊಂದಿಗರಿಗೆ ಈ ಧರ್ಮ ಏನು ಕೊಟ್ಟಿತು? 1918ರಲ್ಲಿ ಮಗ ವಾಸಿಲಿ ತೀರಿಕೊಂಡ. ಮಗಳು ವೆರಾ ಕನ್ಯಾಮಠ ಸೇರಿದ್ದಳು, ಜೀವನವಿಡೀ ಸನ್ಯಾಸದ ವಿರುದ್ಧ ಬರೆದವನ ಮಗಳು. 1919ರ ಫೆಬ್ರುವರಿಯಲ್ಲಿ ಅವನೂ ಹೋದ. ಮಣ್ಣು ಮಾಡಿದ್ದು ಮಠದ ಅಂಗಳದಲ್ಲಿ, ಸಂಪ್ರದಾಯವಾದಿ ಚಿಂತಕ ಲಿಯೊಂತ್ಯೆವನ ಸಮಾಧಿಯ ಪಕ್ಕದಲ್ಲಿ.

ಇಂಗ್ಲಿಷ್ ಮೂಲಕ ಓದುವುದಾದರೆ ಎಲ್ಲಿಂದ ಶುರು ಮಾಡಲಿ?

‘ಏಕಾಂತ’ದಿಂದ. ಕೊಟೆಲ್ಯಾನ್ಸ್ಕಿಯ ಇಂಗ್ಲಿಷ್ ಅನುವಾದ 1927ರಲ್ಲಿ ಬಂತು, ಡಿ. ಎಚ್. ಲಾರೆನ್ಸ್ ಅದನ್ನು ವಿಮರ್ಶಿಸಿದ್ದ, ‘ಉದುರಿದೆಲೆ’ 1929ರಲ್ಲಿ. ದಿನಕ್ಕೆ ಹತ್ತು ಪುಟ ಸಾಕು, ಒಟ್ಟಿಗೆ ಓದಿದರೆ ಅಜೀರ್ಣ. ಪ್ರತಿ ತುಣುಕಿನ ಕೆಳಗೆ ಕಂಸದಲ್ಲಿರುವ ಜಾಗ, ಹೊತ್ತನ್ನು ಹಾರಿಸಬೇಡಿ; ಬಂಡಿಯಲ್ಲಿ ಕೂತು ಬರೆದದ್ದಕ್ಕೂ ಹೆಂಡತಿಯ ಹಾಸಿಗೆಯ ಬಳಿ ಬರೆದದ್ದಕ್ಕೂ ಧಾಟಿ ಬೇರೆ. ಅವನ ಒಂದು ಸಾಲನ್ನು ಎಲ್ಲಾದರೂ ಉಲ್ಲೇಖಿಸುವುದಾದರೆ ವರ್ಷ, ಪತ್ರಿಕೆ ಎರಡನ್ನೂ ಜೊತೆಗೆ ಕೊಡಿ. ಇಲ್ಲದಿದ್ದರೆ ಅದಕ್ಕೆ ಸರಿಯಾಗಿ ವಿರುದ್ಧವಾದ ಸಾಲನ್ನು ಯಾರಾದರೂ ನಿಮ್ಮ ಮುಂದೆ ಹಿಡಿದಾರು, ಅದೂ ಅವನದ್ದೇ ಆಗಿರುತ್ತದೆ.